ಕಾರ್ಟ್ ಚಾರ್ಜ್ ಆಗುತ್ತಿಲ್ಲವೆಂದು ಬರೆದ ನಮ್ಮೂರಿನ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಓದಿದಾಗ ನಾನು ಕೋಲಾರದಲ್ಲಿದ್ದೆ. ಅಮ್ಮನನ್ನು ನೋಡಲೆಂದು ಮೂರು ವಾರದ ರಜೆ ಹಾಕಿ ಬಂದಿದ್ದೇನೆ. ನೀನು ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಗೆ ಬಂದು ಎರಡು ತಿಂಗಳಾಯಿತು. ಇರುವ ಒಂದು ಕಾರನ್ನು ನೀನು ಆಫೀಸಿಗೆ ಒಯ್ದರೆ ಹೆಂಡತಿ, ಮಗು ದಿನವಿಡೀ ನಾಲ್ಕು ಗೋಡೆಯ ನಡುವೆಯೇ ಇರಬೇಕು. ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಮಾಲೀಕರು ಬಿಟ್ಟ, ಬ್ಯಾಟರಿಯಲ್ಲಿ ಓಡುವ ಪುಟ್ಟ ಗಾಡಿ, ಗಾಲ್ಫ್ ಕಾರ್ಟ್ ಒಂದಿದೆ, ಆದರೆ ಚಾರ್ಜರ್ ಸಿಕ್ಕಿಸಿದರೆ ಸದ್ದಿಲ್ಲ. ಅಂಗಡಿಯವರು ಸೀಟನ್ನೂ ಎತ್ತಿ ನೋಡದೆ ಆರು ಹೊಸ ಬ್ಯಾಟರಿಗೆ ಸಾವಿರ ಡಾಲರ್ ದಾಟಿದ ದರ ಹೇಳಿದ್ದಾರೆ. ಕೊನೆಯಲ್ಲಿ, "ಅಣ್ಣಾ, ಈ ದೇಶದಲ್ಲಿ ಸಂಸಾರ ತೂಗಿಸುವುದು ಹೇಗೆ?" ಎಂದು ಕೇಳಿದ್ದೀಯ. ಸದ್ಯಕ್ಕೆ ಕಾರ್ಟ್‌ನಿಂದಲೇ ಶುರುಮಾಡೋಣ. ಅದು ಓಡಿದರೆ ನಿನ್ನ ಮನೆಯ ಅರ್ಧ ಕಷ್ಟ ಕರಗುತ್ತದೆ.

ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡುವ ತನಕ ಒಂದು ಡಾಲರನ್ನೂ ಬಿಚ್ಚಬೇಡ. ಇದನ್ನು ನಾನು ನೊಂದು ಹೇಳುತ್ತಿದ್ದೇನೆ. ನಾನು ಅಲ್ಲಿಗೆ ಹೋದ ಮೊದಲ ವರ್ಷ ಇದೇ ಮಾತು ಕೇಳಿ ಆರೂ ಬ್ಯಾಟರಿ ಬದಲಿಸಿದೆ. ಅಪ್ಪನ ಹೊಲಕ್ಕೆ ಬೋರ್‌ವೆಲ್ ಕೊರೆಸಲೆಂದು ಎತ್ತಿಟ್ಟಿದ್ದ ಹಣ ಅದು. ಒಂದೂವರೆ ತಿಂಗಳಿಗೆ ಕಾರ್ಟ್ ಮತ್ತೆ ನಿಂತಿತು. ಪಕ್ಕದ ಮನೆಯ ನಿವೃತ್ತ ವಿಮಾನ ಮೆಕ್ಯಾನಿಕ್ ಒಬ್ಬರು ಮಂಡಿಯೂರಿ ಕೂತು, ಚಾರ್ಜರ್ ಸಿಕ್ಕಿಸುವ ಸಾಕೆಟ್ಟಿನ ಹಿಂಬದಿಯ ತಂತಿಯನ್ನು ಎಳೆದರು. ಅದು ಕೈಗೇ ಬಂತು. ಒಳಗೆಲ್ಲ ಹಸಿರು ಕಿಲುಬು ತಿಂದು ತಾಮ್ರ ಪುಡಿಯಾಗಿತ್ತು. ಹಳೆಯ ಬ್ಯಾಟರಿಗಳಲ್ಲಿ ಏನೂ ಕೆಟ್ಟಿರಲಿಲ್ಲ. ಅವುಗಳಿಗೆ ಚಾರ್ಜ್ ಹೋಗುತ್ತಿರಲಿಲ್ಲ, ಅಷ್ಟೇ. ಆ ವರ್ಷ ಅಪ್ಪನ ಬೋರ್‌ವೆಲ್ ಮುಂದಕ್ಕೆ ಹೋಯಿತು.

ಸೀಟು ಎತ್ತುವ ಮೊದಲು ಉಂಗುರ, ಕಡಗ ತೆಗೆದಿಡು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತು. ಅದು ಎರಡು ಟರ್ಮಿನಲ್‌ಗಳ ಮೇಲೆ ಅಡ್ಡ ಬಿದ್ದರೆ ಕಬ್ಬಿಣ ಕರಗುವಷ್ಟು ಕಿಡಿ ಹಾರುತ್ತದೆ. ಕನ್ನಡಕ, ಕೈಗವಸು ಇರಲಿ. ಸೀಟಿನ ಕೆಳಗೆ 'ಟೋ' (ಎಳೆದೊಯ್ಯುವಾಗ) ಮತ್ತು 'ರನ್' (ಓಡಿಸುವಾಗ) ಎಂದು ಬರೆದ ಸ್ವಿಚ್ ಇದ್ದರೆ ಟೋ ಕಡೆಗೆ ತಿರುಗಿಸು. ಗ್ಯಾರೇಜಿನ ಬಾಗಿಲು ತೆರೆದಿರಬೇಕು, ಏಕೆಂದರೆ ಚಾರ್ಜ್ ಆಗುವಾಗ ಬೇಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬರುತ್ತದೆ. ಆಯುಧ ಪೂಜೆಯ ದಿನ ನಮ್ಮವರು ಕಾರ್ಟಿಗೂ ಕುಂಕುಮ ಹಚ್ಚುತ್ತಾರೆ, ಸಂತೋಷ. ಆದರೆ ಚಾರ್ಜಿಗೆ ಹಾಕಿದ ಕಾರ್ಟಿನ ಮುಂದೆ ಕರ್ಪೂರ ಬೇಡವೇ ಬೇಡ.

ಈಗ ಒಂದು ಬ್ಯಾಟರಿಯ ಮೇಲಿನ ಮುಚ್ಚಳಗಳನ್ನು ಎಣಿಸು. ಒಂದೊಂದು ಮುಚ್ಚಳದಡಿ ಒಂದೊಂದು ಸೆಲ್, ಒಂದು ಸೆಲ್ಲಿಗೆ ಎರಡು ವೋಲ್ಟ್. ಮೂರಿದ್ದರೆ 6 ವೋಲ್ಟಿನ ಬ್ಯಾಟರಿ, ಆರು ಸೇರಿ 36. ನಾಲ್ಕಿದ್ದರೆ 8 ವೋಲ್ಟಿನದು, ಆರು ಸೇರಿ 48. ನಿನ್ನದು ಎರಡನೆಯ ಬಗೆ ಇರಬೇಕೆಂದುಕೊಂಡು ಬರೆಯುತ್ತೇನೆ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ 48 ವೋಲ್ಟಿನ ಸಾಲು ಸುಮಾರು 51 ವೋಲ್ಟ್ ತೋರಿಸುತ್ತದೆ, ಅಂದರೆ ಒಂದೊಂದು ಬ್ಯಾಟರಿ 8.5ರ ಹತ್ತಿರ. 48.4ಕ್ಕೆ ಇಳಿದರೆ ಅರ್ಧ ಖಾಲಿ ಎಂದು ಲೆಕ್ಕ. 48 ಇದೆಯಲ್ಲ, ತುಂಬಿದೆ ಎಂದು ಹೊಸಬರೆಲ್ಲ ಮೋಸಹೋಗುವುದು ಇಲ್ಲೇ.

ಅಂಗಡಿಯವರು ನಿನಗೆ ಹೇಳದೆ ಬಿಟ್ಟ ಸಂಗತಿ ಇನ್ನೊಂದಿದೆ. ಬಹಳಷ್ಟು ಸ್ವಯಂಚಾಲಿತ ಚಾರ್ಜರ್‌ಗಳು ಬ್ಯಾಟರಿಯಲ್ಲಿ ಒಂದಿಷ್ಟು ವೋಲ್ಟ್ ಉಳಿದಿದ್ದರೆ ಮಾತ್ರ ಏಳುತ್ತವೆ. ತಿಂಗಳುಗಟ್ಟಲೆ ನಿಂತ ಕಾರ್ಟಿನ ಬ್ಯಾಟರಿ ತೀರಾ ಇಳಿದಿದ್ದರೆ, ಚಾರ್ಜರಿಗೆ ಅಲ್ಲಿ ಬ್ಯಾಟರಿ ಇರುವುದೇ ಗೊತ್ತಾಗುವುದಿಲ್ಲ. ಚಾರ್ಜರೂ ಕೆಟ್ಟಿರುವುದಿಲ್ಲ, ಬ್ಯಾಟರಿಯೂ ಪೂರಾ ಸತ್ತಿರುವುದಿಲ್ಲ, ಆದರೂ ಕೆಲಸ ನಡೆಯುವುದಿಲ್ಲ. ಆಗ 8 ವೋಲ್ಟಿನ ಆಯ್ಕೆ ಇರುವ ಸಣ್ಣ ಚಾರ್ಜರ್ ತಂದು ಒಂದೊಂದು ಬ್ಯಾಟರಿಗೂ ಬೇರೆಬೇರೆಯಾಗಿ ಸ್ವಲ್ಪ ಹೊತ್ತು ಚಾರ್ಜ್ ಕೊಟ್ಟು, ಆಮೇಲೆ ದೊಡ್ಡ ಚಾರ್ಜರ್ ಸಿಕ್ಕಿಸು. ಎಷ್ಟೋ ಕಾರ್ಟುಗಳು ಇಷ್ಟರಿಂದಲೇ ಎದ್ದು ಓಡಿವೆ.

ಅದಕ್ಕೂ ಮುಂಚೆ ಗೋಡೆಯ ಪ್ಲಗ್ ನೋಡು. ಅಮೆರಿಕದ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ನಡುವೆ ಸಣ್ಣ ಗುಂಡಿ ಇರುವ ಸುರಕ್ಷತಾ ಸಾಕೆಟ್ ಇರುತ್ತದೆ. ಅದು ಹಾರಿಕೊಂಡಿದ್ದರೆ ಒತ್ತಿದರೆ ಸಾಕು. ಚಾರ್ಜರನ್ನು ತೆಳು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದ್ದರೆ ತೆಗೆ. ಉದ್ದನೆಯ ಸಣಕಲು ತಂತಿಯಲ್ಲಿ ವಿದ್ಯುತ್ತು ದಾರಿಯಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ, ಈ ನಷ್ಟ ತಡೆಯುವುದಕ್ಕೇ ಸಾವಿರಾರು ವೋಲ್ಟಿಗೆ ಏರಿಸಿ ಕಳುಹಿಸಿದರು. ಆ ಗಣಿಯಲ್ಲಿ ದುಡಿದ ನಮ್ಮ ತಾತ ಈ ಕಥೆಯನ್ನು ಮನೆಯ ಹಿರಿಯರ ಕಥೆ ಹೇಳುವಂತೆ ಹೇಳುತ್ತಿದ್ದರು. ನಿನ್ನ ಗೋಡೆಯಲ್ಲಿರುವುದು 120 ವೋಲ್ಟ್ ಮಾತ್ರ. ದಪ್ಪ ತಂತಿ, ಗಿಡ್ಡ ತಂತಿ ಬಳಸು. ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ನಂತರ ಮೀಟರಿನ ಕಡ್ಡಿಗಳನ್ನು ಬ್ಯಾಟರಿ ಸಾಲಿನ ಎರಡು ತುದಿಗೆ ಹಿಡಿದು ಅಂಕಿ ಬರೆದುಕೋ. ಕಾರ್ಟಿನ ಚಾರ್ಜಿಂಗ್ ಸಾಕೆಟ್ಟಿನಲ್ಲೂ ಹಿಡಿದು ನೋಡು. ಬ್ಯಾಟರಿಯಲ್ಲಿ ವೋಲ್ಟ್ ಇದ್ದು ಸಾಕೆಟ್ಟಿನಲ್ಲಿ ಇಲ್ಲದಿದ್ದರೆ ಮೊದಲ ಅನುಮಾನ ನಡುವಿನ ತಂತಿ ಅಥವಾ ಫ್ಯೂಸ್ ಮೇಲೆ ಹೋಗಬೇಕು. ಕೆಲವು ಕಾರ್ಟುಗಳಲ್ಲಿ ಚಾರ್ಜಿಂಗನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್ ಪೆಟ್ಟಿಗೆಯೂ ಇರುತ್ತದೆ. ಅದು ಕೈಕೊಟ್ಟಿದ್ದರೆ ಮಾತ್ರ ಬಲ್ಲವರನ್ನು ಕರೆ. ಪ್ಲಗ್ಗಿನ ಲೋಹದ ನಾಲಿಗೆಗಳು ಕಪ್ಪಾಗಿ ಸುಟ್ಟಿದ್ದರೆ, ಸಡಿಲವಾಗಿದ್ದರೆ ಅದನ್ನು ಬದಲಿಸು.

ನೀರಿನ ಮಾತು ಬಂದರೆ ನನಗೆ ಹೇಳಿದಷ್ಟೂ ಸಾಲದು. ಇವತ್ತು ಬೆಳಿಗ್ಗೆ ಇಲ್ಲಿ ಅಮ್ಮನ ಯುಪಿಎಸ್ ಹತ್ತೇ ನಿಮಿಷಕ್ಕೆ ಕೂಗಿಕೊಂಡಿತು. ಬ್ಯಾಟರಿಯ ಮೇಲಿನ ತೇಲುಕಡ್ಡಿಗಳು ಕೆಂಪು ಗೆರೆಗಿಂತ ಕೆಳಗೆ ಕೂತಿದ್ದವು. ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ತಲೆ ಬರಿದಾಗಿ ಬೂದು ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಸುಣ್ಣದಂಥ ಪದರ. ಯಾರೋ ಒಮ್ಮೆ ನಲ್ಲಿಯ ನೀರು ಸುರಿದಿದ್ದಾರೆ. ಸಾವಿರ ಅಡಿಯಿಂದ ಬರುವ ನಮ್ಮ ಫ್ಲೋರೈಡ್ ತುಂಬಿದ ಗಡಸು ನೀರು ಕುಡಿಯುವವರ ಹಲ್ಲನ್ನೇ ಬಿಡುವುದಿಲ್ಲ, ಬ್ಯಾಟರಿಯನ್ನು ಬಿಡುತ್ತದೆಯೇ? ನಿನ್ನ ಕಾರ್ಟಿನಲ್ಲೂ ಹೀಗೇ ಟಾರ್ಚ್ ಬಿಟ್ಟು ನೋಡು. ಡಿಸ್ಟಿಲ್ಡ್ ನೀರು ಅಲ್ಲಿನ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಪ್ಲೇಟು ಬರಿದಾಗಿದ್ದರೆ ಚಾರ್ಜಿಗೆ ಮುಂಚೆ ಅದು ಮುಳುಗುವಷ್ಟು ಮಾತ್ರ ಹಾಕು. ಉಳಿದದ್ದು ಪೂರ್ತಿ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಬಿಸಿಗೆ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡ. ಜಾರ್ಜಿಯಾದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಲೇಬೇಕು.

ಟರ್ಮಿನಲ್ ಮೇಲಿನ ಬಿಳಿ, ಹಸಿರು ಹೂವನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ನಟ್ಟು ಬಿಗಿಮಾಡು. ಸೋಡಾ ನೀರಿನ ಒಂದು ಹನಿಯೂ ಸೆಲ್ಲಿನೊಳಗೆ ಇಳಿಯಬಾರದು.

ಇಷ್ಟೆಲ್ಲ ಆಗಿ ಚಾರ್ಜ್ ತುಂಬಿದ ಮೇಲೂ ಕಾರ್ಟ್ ಅರ್ಧ ದಾರಿಯಲ್ಲಿ ಸೊರಗಿದರೆ, ಯಾರನ್ನಾದರೂ ಓಡಿಸಲು ಕೂರಿಸಿ ದಿಬ್ಬ ಹತ್ತಿಸುತ್ತಾ ಒಂದೊಂದೇ ಬ್ಯಾಟರಿಯನ್ನು ಅಳೆ. ಐದು ಬ್ಯಾಟರಿ ಎಂಟರ ಆಸುಪಾಸಿನಲ್ಲಿ ನಿಂತು ಒಂದು ಮಾತ್ರ ಆರಕ್ಕೆ ಕುಸಿದರೆ ಅದರ ಒಂದು ಸೆಲ್ ಹೋಗಿದೆ. ಸಾಲು ಹೊಸದಾಗಿದ್ದರೆ ಅದೊಂದನ್ನೇ ಬದಲಿಸಬಹುದು. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಒಂದೇ ಹೊಸದು ಹಾಕುವುದು ವ್ಯರ್ಥ, ಹಳೆಯವು ಅದನ್ನೂ ಬೇಗ ಎಳೆದುಹಾಕುತ್ತವೆ. ಆಗ ಮಾಲೀಕರಿಗೆ ಅಂಕಿಗಳನ್ನೇ ಬರೆದು ಕಳುಹಿಸು. ಕಾರ್ಟ್ ಅವರದು, ಖರ್ಚಿನ ಮಾತು ಮೊದಲು ಅವರೊಂದಿಗೆ. ಬಾಡಿಗೆದಾರ, ಹೊಸಬ ಎಂದು ಸಂಕೋಚಪಡಬೇಡ. ಬಾಯಿಬಿಟ್ಟು ಕೇಳದವನಿಗೆ ಅಲ್ಲಿ ಯಾರೂ ತಾವಾಗಿ ಕೊಡುವುದಿಲ್ಲ. ನಾನಿದನ್ನು ಕಲಿಯಲು ಮೂರು ವರ್ಷ ಹಿಡಿಯಿತು.

ಕಾರ್ಟ್ ಎದ್ದ ದಿನ ಮೂವರೂ ಹೊರಡಿ. ನಗರದಲ್ಲಿ ನೋಂದಣಿ ಮಾಡಿಸಿ, ಯಾರು ಓಡಿಸಬಹುದೆಂಬ ನಿಯಮ ಓದಿಕೊಂಡು. ಆ ಊರಿನಲ್ಲಿ ಕಾರ್ಟಿಗೆಂದೇ ನೂರು ಮೈಲಿಗೂ ಮಿಕ್ಕಿದ ದಾರಿಗಳಿವೆ. ಮರಗಳ ನಡುವೆ, ಕೆರೆಯ ಬದಿಯಲ್ಲಿ, ಹೆದ್ದಾರಿಯ ಅಡಿಯಿಂದ ಗ್ರಂಥಾಲಯಕ್ಕೂ ತರಕಾರಿ ಅಂಗಡಿಗೂ ಹೋಗಬಹುದು. ಕಾರಿನ ಗಾಜಿನೊಳಗೆ ಕೂತವರಿಗೆ ಅಲ್ಲಿ ನೆರೆಹೊರೆ ಸಿಗುವುದಿಲ್ಲ. ಕಾರ್ಟಿನಲ್ಲಿ ಹೋಗುವವರನ್ನು ಎದುರಿನವರು ಕೈಯೆತ್ತಿ ಮಾತನಾಡಿಸುತ್ತಾರೆ. ನಿಮ್ಮ ಅತ್ತಿಗೆಗೆ ಮೊದಲ ಗೆಳತಿ ಸಿಕ್ಕಿದ್ದು ಅಂಥ ಒಂದು ತಿರುವಿನಲ್ಲೇ. ಮನೆಗೆ ಬಂದು ಕಾರ್ಟ್ ನಿಲ್ಲಿಸಿದ ಮೇಲೆ, ಎರಡೇ ಮೈಲಿ ಓಡಿಸಿದ್ದರೂ ರಾತ್ರಿ ಚಾರ್ಜಿಗೆ ಹಾಕು. ಖಾಲಿ ನಿಲ್ಲಿಸಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಕರಗುವುದಿಲ್ಲ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಮತ್ತು ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ನಮ್ಮ ಗ್ಯಾರೇಜಿನ ಎರಡನೇ ಅಟ್ಟಣೆಯಲ್ಲಿ ನೀಲಿ ಡಬ್ಬದಲ್ಲಿವೆ. ಅತ್ತಿಗೆಗೆ ಹೇಳಿದ್ದೇನೆ, ಇವತ್ತು ಸಂಜೆಯೇ ಮಗುವನ್ನೂ ಕರೆದುಕೊಂಡು ಹೋಗಿ ತೆಗೆದುಕೊಳ್ಳಿ, ಊಟ ಮಾಡದೆ ಬರಬೇಡಿ. ಆರು ಬ್ಯಾಟರಿಯ ಆರು ಅಂಕಿ ಬರೆದು ನನಗೆ ಕಳುಹಿಸು. ಇಲ್ಲಿ ಬೆಳಗಾಗುವಷ್ಟರಲ್ಲಿ ನೋಡಿ ಹೇಳುತ್ತೇನೆ.