ಸೀನಿಗೆ ಸೈಕಲ್ ತೆಗೆದುಕೊಂಡು ಹೋಗುವ ಮುಂಚೆ

ನಮಸ್ಕಾರ ಸರ್. ಕಾರಿನ ಕಾಟ ಇಲ್ಲದ ಜಲ್ಲಿ ರಸ್ತೆ ಬೇಕು, ಅಮೆರಿಕದ ಮಿಷಿಗನ್ ಉತ್ತರದ ಸೀನಿ ವನ್ಯಜೀವಿ ಧಾಮಕ್ಕೆ ಜೂನ್ ಕೊನೆಯಲ್ಲಿ ಹೋಗೋಣ ಅಂತಿದ್ದೇವೆ, 11 ವರ್ಷದ ಮಗಳಿಗೆ ಆಗುತ್ತಾ, ಟೈರ್ ಯಾವುದು ಅಂತ ಕೇಳಿದ್ದೀರಿ. ನಾನು ನಾಲ್ಕು ಸಲ ಹೋಗಿದ್ದೇನೆ. ಮಾಡಬಾರದ ತಪ್ಪನ್ನೆಲ್ಲ ಮೊದಲ ಸಲವೇ ಮಾಡಿ ಮುಗಿಸಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಜೂನ್ ಬೇಡ. ಮೇ ಕೊನೆಗೆ ಕರಿ ನೊಣ ಶುರು. ಅದರ ಬೆನ್ನಿಗೇ ಸೊಳ್ಳೆ. ಆಮೇಲೆ ಡಿಯರ್ ಫ್ಲೈ. ಈ ಡಿಯರ್ ಫ್ಲೈ ಇದೆಯಲ್ಲ, ತಲೆ ಸುತ್ತ ಗಿರಗಿರ ತಿರುಗಿ ಹೆಲ್ಮೆಟ್ ಕಿಂಡಿಯಲ್ಲಿ ನುಗ್ಗಿ ಕಚ್ಚುತ್ತದೆ. ಜೋರಾಗಿ ತುಳಿದರೂ ಬಿಡುವುದಿಲ್ಲ, ಜೊತೆಗೇ ಬರುತ್ತದೆ. ಮೊದಲ ಸಲ ನಾವು ಹೋಗಿದ್ದು ಜೂನ್ ಕೊನೆಯಲ್ಲೇ. ಗೆಳೆಯ ಆಸೆಯಿಂದ ಅವಲಕ್ಕಿ ಡಬ್ಬಿ ತೆಗೆದ, ಎರಡು ತುತ್ತು ತಿಂದ, ಮುಚ್ಚಳ ಹಾಕಿದ. ನಿಂತರೆ ತಾನೇ ತಿನ್ನೋದು! ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಈ ಗಲಾಟೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಬೆಳಗ್ಗೆ ಚಳಿ, ಗ್ಲೌಸ್ ಬೇಕು. ಹತ್ತು ಗಂಟೆಗೆ ಜಾಕೆಟ್ ಬಿಚ್ಚುತ್ತೀರಿ. ಒಂದು ಶುಕ್ರವಾರ ರಜೆ ಹಾಕಿ, ಸ್ಕೂಲಿಗೂ ಒಂದು ದಿನ ಚಕ್ಕರ್ ಹೊಡೆಸಿ.

ಜೂನ್‌ನಲ್ಲಿ ಹೋಗೋಕೆ ಇರುವುದು ಒಂದೇ ಕಾರಣ, ಆಮೆ. ದೊಡ್ಡ ಸ್ನ್ಯಾಪಿಂಗ್ ಆಮೆಗಳು ಮೊಟ್ಟೆ ಇಡಲು ರಸ್ತೆಯ ಅಂಚಿಗೇ ಬರುತ್ತವೆ. ಒಂದನ್ನು ಹತ್ತು ಹೆಜ್ಜೆ ದೂರ ಕೂತು ನೋಡಿದೆವು. ಹಿಂಗಾಲು ಒಂದಾದ ಮೇಲೆ ಒಂದು, ನಿಧಾನವಾಗಿ, ಬೊಗಸೆಯಲ್ಲಿ ಮೊಗೆದ ಹಾಗೆ ಮರಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಬೆನ್ನ ಮೇಲೆಲ್ಲ ಒಣಗಿದ ಪಾಚಿ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇಂಥ ತಿಂಗಳಲ್ಲಿ ರಸ್ತೆಯ ಅಂಚು ಹಿಡಿದು ಸೈಕಲ್ ಹೊಡೆಯಬೇಡಿ, ಚಕ್ರದ ಕೆಳಗೆ ಗೂಡು ಇರಬಹುದು.

ಈಗ ರಸ್ತೆಯ ವಿಷಯ. ನೀವು ತುಮಕೂರು ಕಡೆಯವರು ಅಂತ ಬರೆದಿದ್ದೀರಲ್ಲ, ನಿಮಗೆ ಹೇಳೋದು ಸುಲಭ: ಇದು ಕೆರೆ ಏರಿ. ಅಲ್ಲಿರುವ ನೀರಿನಲ್ಲಿ ಬಹುಪಾಲು ತಾನಾಗಿ ನಿಂತದ್ದಲ್ಲ, ಏರಿ ಕಟ್ಟಿ ನಿಲ್ಲಿಸಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪೈನ್ ಮರಗಳನ್ನು ಬೋಳಿಸಿದರು. ಉಳಿದ ಕಸಕಡ್ಡಿಗೆ ಬೆಂಕಿ ಬಿತ್ತು. 1912ರಲ್ಲಿ ಉದ್ದಕ್ಕೆ ಕಾಲುವೆ ತೋಡಿ, ಜೌಗು ಬಸಿದು, ಒಳ್ಳೆ ಜಮೀನು ಅಂತ ಮಾರಿದರು. ಮರಳು ನೆಲ, ಬೆಳೆ ಬರಲಿಲ್ಲ. ತೆರಿಗೆ ಕಟ್ಟಲಾಗದೆ ಜನ ಬಿಟ್ಟು ಹೋದರು. 1935ರಲ್ಲಿ ಧಾಮ ಆಯಿತು. ಕೆಲಸವಿಲ್ಲದ ಹುಡುಗರನ್ನು ಸೇರಿಸಿಕೊಂಡಿದ್ದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನವರು ಬಂದು ಏರಿ ಹಾಕಿದರು, ತೂಬು ಇಟ್ಟರು, ಕೋಡಿ ಬಿಟ್ಟರು. ನೀವು ಸೈಕಲ್ ಹೊಡೆಯುವುದು ಹೆಚ್ಚಾಗಿ ಆ ಏರಿಗಳ ಮೇಲೆ. ಎರಡೂ ಕಡೆ ನೀರು. ಕೆರೆಗಳಿಗೆ ಹೆಸರೂ ಸರ್ಕಾರಿ ಕಡತದ್ದೇ, ಸಿ-3 ಅಂತೆಲ್ಲ.

ಏರು ಇಲ್ಲ, ಇಳಿಜಾರು ಇಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಏರಿ ಮೇಲೆ ಗಾಳಿಗೆ ಅಡ್ಡ ಒಂದು ಮರ ಇರುವುದಿಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಮಗಳಿಗೆ ಗಾಳಿಯೇ ತಳ್ಳಿಕೊಡುತ್ತದೆ. ಇನ್ನು ಮರಳು. ಗಟ್ಟಿ ಗರಸಿನ ಹಾಗೆ ಕಾಣುವ ದಾರಿಯಲ್ಲಿ ಇದ್ದಕ್ಕಿದ್ದಂತೆ ಹತ್ತು ಮಾರು ಸಡಿಲ ಮರಳು ಬರುತ್ತದೆ. ಅಲ್ಲಿ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಒಂದು ಗೇರ್ ಇಳಿಸಿ, ಹಿಂದಕ್ಕೆ ಕೂತು, ಸುಮ್ನೆ ತುಳಿಯುತ್ತಿರಿ. ನಾನು 32 ಎಂ.ಎಂ. ಅಗಲದ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಹೋಗಿದ್ದೆ. ಮುಂದಿನ ಚಕ್ರ ಮರಳಲ್ಲಿ ಹೂತು, ನಾನು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಮೊಣಕೈ ತರಚಿತು, ಮಾನ ಜಾಸ್ತಿ ತರಚಿತು. ಈಗ 45 ಎಂ.ಎಂ. ಹಾಕಿದ್ದೇನೆ. ನನ್ನ 70 ಕೆ.ಜಿ. ತೂಕಕ್ಕೆ ಗಾಳಿಯ ಒತ್ತಡ 30 ಪಿಎಸ್‌ಐ ಆಸುಪಾಸು ಇಡುತ್ತೇನೆ. ದುಬಾರಿ ಸೈಕಲ್ ಏನೂ ಬೇಡ. ಮನೆಯಲ್ಲಿ ಹಳೇ ಎಂಟಿಬಿ (ದಪ್ಪ ಟೈರಿನ ಮೌಂಟನ್ ಬೈಕ್) ಇದ್ದರೆ ನಿಮ್ಮ ಮನೆಯವರಿಗೆ ಅದೇ ಕೊಡಿ, ನಿಮಗಿಂತ ಆರಾಮಾಗಿ ಹೋಗುತ್ತಾರೆ.

ವಿಸಿಟರ್ ಸೆಂಟರ್ ಎಂ-77 ರಸ್ತೆಯ ಪಕ್ಕ, ಜರ್ಮ್‌ಫಾಸ್ಕ್ ಊರಿನಿಂದ ಸ್ವಲ್ಪ ಉತ್ತರಕ್ಕೆ. ಅಲ್ಲಿಂದ ಹೊರಡುವ ಏಳು ಮೈಲಿಯ ಮಾರ್ಷ್‌ಲ್ಯಾಂಡ್ ಡ್ರೈವ್‌ನಲ್ಲಿ ಕಾರು ಓಡಾಡುತ್ತವೆ. ನಿಧಾನ, ಒಂದೇ ದಿಕ್ಕು, ಆದರೂ ಕಾರೇ ಅಲ್ವಾ. ನಿಮಗೆ ಬೇಕಾದದ್ದು ಅದರಿಂದ ಕವಲೊಡೆಯುವ, ಕಾರಿಗೆ ಗೇಟ್ ಹಾಕಿರುವ ಒಳರಸ್ತೆಗಳು. ನಕ್ಷೆ ಸೆಂಟರ್‌ನಲ್ಲೇ ತೆಗೆದುಕೊಳ್ಳಿ, ಕಾಗದದ್ದು. ಫೋನ್ ಸಿಗ್ನಲ್ ನಂಬಬೇಡಿ. ಫೋನಿನ ನಕ್ಷೆ ತೋರಿಸಿದ ದಾರಿ ಒಂದು ಕಡೆ ಸೊಂಟದೆತ್ತರ ಹುಲ್ಲಲ್ಲಿ ಮುಗಿದುಹೋಗಿತ್ತು, ನಾವು ಅಷ್ಟೂ ದೂರ ವಾಪಸ್ ಬಂದೆವು. ಪಶ್ಚಿಮಕ್ಕೆ ಕಾಡಾಗಿಯೇ ಬಿಟ್ಟಿರುವ 25,000 ಎಕರೆಯಷ್ಟು ವೈಲ್ಡರ್‌ನೆಸ್ ಇದೆ, ಅಲ್ಲಿ ಸೈಕಲ್ ನಿಷಿದ್ಧ. ನಡೆಯುವವರ ಕಾಲುದಾರಿಗೂ ಸೈಕಲ್ ಹತ್ತಿಸಬೇಡಿ. ಧಾಮ ತೆರೆದಿರುವುದು ಹಗಲಲ್ಲಿ ಮಾತ್ರ, ಟೆಂಟ್ ಹಾಕುವ ಹಾಗಿಲ್ಲ. ಒಳಗೆ ಅಂಗಡಿ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರು, ಎರಡು ಟ್ಯೂಬು, ಪಂಪು ಇರಲಿ. ಸಂಜೆ ಕಾಲುಚೀಲ ಬಿಚ್ಚಿ ಉಣ್ಣೆ ಹುಳ (ಟಿಕ್) ಕಚ್ಚಿದೆಯಾ ಅಂತ ನೋಡಿ, ಮಂಡಿಯ ಹಿಂದೆ, ಕಿವಿಯ ಹಿಂದೆ ಸಹ. ನವೆಂಬರ್ 15ರಿಂದ 30ರವರೆಗೆ ಜಿಂಕೆ ಬೇಟೆಯ ಬಂದೂಕು ಕಾಲ, ಆಗ ಆ ಕಡೆ ತಲೆಯೇ ಹಾಕಬೇಡಿ.

ಎಷ್ಟು ದೂರ? ಮೊದಲ ದಿನ 20 ಕಿಲೋಮೀಟರ್ ಸಾಕು. ಅಷ್ಟಕ್ಕೇ ನಮಗೆ ನಾಲ್ಕು ಗಂಟೆ ಹಿಡಿಯಿತು, ಯಾಕಂದರೆ ನಿಲ್ಲುತ್ತಾ ಹೋಗುತ್ತೀರಿ. ಬಿಳಿ ಟ್ರಂಪೆಟರ್ ಹಂಸ, ಅದರ ಹಿಂದೆ ಬೂದು ಬಣ್ಣದ ಮರಿಗಳು. 1936ರಲ್ಲಿ ಇಲ್ಲಿ ಸುಮಾರು 300 ಕೆನಡಾ ಹೆಬ್ಬಾತುಗಳನ್ನು ತಂದು ಸಾಕಿದರು. ಅದೇ ಜಾತಿಯವು ಈಗ ನಮ್ಮ ಆಫೀಸಿನ ಹುಲ್ಲಿನ ಮೇಲೆಲ್ಲ ಹಿಕ್ಕೆ ಹಾಕಿ ಬೂಟು ಕೆಡಿಸುತ್ತವೆ, ಅದು ಬೇರೆ ಮಾತು. ಲೂನ್ ಅನ್ನುವ ಕಪ್ಪು ಬಿಳುಪಿನ ಮುಳುಗುಹಕ್ಕಿಯನ್ನು ಮಾತ್ರ ಮಗಳಿಗೆ ತೋರಿಸಲೇಬೇಕು. 1987ರಲ್ಲಿ ಮರಿಯಾಗಿದ್ದಾಗ ಕಾಲಿಗೆ ಉಂಗುರ ಹಾಕಿದ ಒಂದು ಗಂಡು ಲೂನ್, ಒಂದೇ ಹೆಣ್ಣಿನ ಜೊತೆ 25 ವರ್ಷ ಇಲ್ಲೇ ಸಂಸಾರ ಮಾಡಿತ್ತು. ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ. ಹಿಂದೆ ಸರಿಯಿರಿ. ಗೇಟ್ ಹಾಕಿ ಕಾರು ತಡೆದಿರುವುದು ಅವಕ್ಕೋಸ್ಕರ, ನಮಗೋಸ್ಕರ ಅಲ್ಲ.

ಡೆಟ್ರಾಯ್ಟ್‌ನಿಂದ ಆರು ಗಂಟೆ ದಾರಿ. ಮ್ಯಾಕಿನಾ ಸೇತುವೆ ಐದು ಮೈಲಿ ಉದ್ದ, ಮೇಲೆ ಗಾಳಿ ಜೋರು. ಹತ್ತುವ ಮುಂಚೆ ಒಮ್ಮೆ ನಿಲ್ಲಿಸಿ ಸೈಕಲ್ ಕಟ್ಟಿದ ರ‍್ಯಾಕಿನ ಪಟ್ಟಿ ಬಿಗಿ ಮಾಡಿ. ಮಗಳ ಸೈಕಲ್ 24 ಇಂಚಿನ ಚಕ್ರದ್ದು ಅಂದಿರಿ. ಅಗಲ ಟೈರ್ ಕೊಳ್ಳುವ ಮುಂಚೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಫೋಟೋ ಒಂದು ಇಲ್ಲಿ ಹಾಕಿ, ಜಾಗ ಎಷ್ಟಿದೆ ನೋಡಿ ಹೇಳುತ್ತೇನೆ.