ಮಂಜು ಮೇಡಂ ಮತ್ತು ಮಿಸ್ಟರ್ ಬಸಪ್ಪ

ಮಂಜುನಾಥ ಅವರೇ,

ದಾವಣಗೆರೆಯಿಂದ ಬಂದು ಅಂಧೇರಿಯಲ್ಲಿ ಕೆಲಸಕ್ಕೆ ಸೇರಿ ಹನ್ನೆರಡು ದಿನವಾಗಿದೆ. ಅಷ್ಟರಲ್ಲೇ ಕಚೇರಿಯವರೆಲ್ಲ ‘ಮಂಜು ಮೇಡಂ’ ಎಂದು ಇಮೇಲ್ ಕಳುಹಿಸುತ್ತಿದ್ದಾರೆ. ನೀವು ದೊಡ್ಡ ಸಾಹೇಬರಿಗೆ ‘ಡಿಯರ್ ಸರ್’ ಎನ್ನಲು ಹೋಗಿ ‘ಡೆಡ್ ಸರ್’ ಎಂದು ಬರೆದಿದ್ದೀರಿ. ‘ಅಕ್ಕ, ಈ ಮುಂಬಯಿ ನನಗೆ ಒಗ್ಗುತ್ತದೆಯೇ?’ ಎಂದು ಕೇಳಿದ್ದೀರಿ. ಧಾರಾಳವಾಗಿ ಒಗ್ಗುತ್ತದೆ. 26 ವರ್ಷಗಳ ಹಿಂದೆ ನಾನು ಇಲ್ಲಿ ‘ಮಿಸ್ಟರ್ ಬಸಪ್ಪ’ ಆಗಿದ್ದೆ.

ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರವಿದ್ದರೆ ಸಾಕು. ಇಲ್ಲಿಯವರಿಗೆ ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ‘ಆಡನಾವ್’, ಅಂದರೆ ಅಡ್ಡಹೆಸರು, ಮೂರೂ ಬೇಕು. ಆ ಕಾಲಂ ಖಾಲಿ ಬಿಡುವಂತಿಲ್ಲ ಎಂದು ಗುಮಾಸ್ತ ಹಟ ಹಿಡಿದಾಗ ನಾನು ಅಪ್ಪನ ಹೆಸರು ತುಂಬಿದೆ. ಮರುದಿನದಿಂದ ‘ಮಿಸ್ಟರ್ ಬಸಪ್ಪ, ಬಿಲ್ಲುಗಳು ಎಲ್ಲಿ?’, ‘ಮಿಸ್ಟರ್ ಬಸಪ್ಪ, ಇನ್ನೂ ಎಷ್ಟು ದಿನ?’ ಊರಿನಲ್ಲಿ ಯಾರೂ ಅಪ್ಪನ ಮುಂದೆ ದನಿ ಎತ್ತಿದವರಲ್ಲ. ಇಲ್ಲಿ ದಿನವೂ ಅವರ ಹೆಸರಿನಲ್ಲಿ ನನಗೆ ಬೈಗುಳ. ಆ ವರ್ಷ ದೀಪಾವಳಿಗೆ ಅಪ್ಪ ಬಂದಿದ್ದರು. ನಾನು ಸಂಜೆ ಮನೆಗೆ ಬರುವಷ್ಟರಲ್ಲಿ ಕಚೇರಿಯಿಂದ ಬಂದ ಸಿಹಿಯ ಡಬ್ಬಿ ಅವರ ತೊಡೆಯ ಮೇಲಿತ್ತು, ಎರಡು ಕಾಜು ಕತ್ಲಿ ಖಾಲಿಯಾಗಿದ್ದವು. ‘ನನ್ನ ಹೆಸರೇ ಬರೆದಿದೆಯಲ್ಲ, ಸಂಬಳವೂ ಬರುತ್ತದೆಯೇನು?’ ಎಂದು ಕೇಳಿದರು.

ಅದನ್ನು ತಿದ್ದಿಸಿದ ಮೇಲೂ ನಾನು ಸವಿತಾ ಆಗಲಿಲ್ಲ. ‘ತ’ ಅಕ್ಷರಕ್ಕೆ ನಾವು ಇಂಗ್ಲಿಷಿನಲ್ಲಿ ಟಿ, ಎಚ್ ಎರಡನ್ನೂ ಹಾಕುತ್ತೇವೆ. ಮರಾಠಿಯವರು ಅದನ್ನು ‘ಥ’ ಎಂದು ಓದುತ್ತಾರೆ. ಹಾಗಾಗಿ ಸವಿಥಾ. ನಮ್ಮ ಜೊತೆಗಿದ್ದ ಹೆಗಡೆಯವರ ಪಾಡು ಇನ್ನೂ ಚೆನ್ನ: ಕಂಪ್ಯೂಟರ್ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ ಅವರನ್ನು ‘ಹೆಜ್’, ಅಂದರೆ ಬೇಲಿ, ಎನ್ನುತ್ತಿತ್ತು. ನಿವೃತ್ತರಾಗುವವರೆಗೂ ನಮ್ಮ ಪಾಲಿಗೆ ಅವರು ಬೇಲಿ ಸಾಹೇಬರು.

ಮಂಜು ಎಂದರೆ ಇಲ್ಲಿ ಹೆಣ್ಣುಮಗಳು. ಇಮೇಲಿನ ಕೊನೆಯಲ್ಲಿ ಪೂರ್ತಿ ಮಂಜುನಾಥ ಎಂದೇ ಬರೆಯಿರಿ, ಅದೂ ಈ ತಿಂಗಳಲ್ಲೇ. ಒಮ್ಮೆ ಬಾಯಿಗೆ ಕೂತ ಹೆಸರು ಏಳುವುದಿಲ್ಲ. ಊರು 1995ರಲ್ಲೇ ಬಾಂಬೆ ಹೋಗಿ ಮುಂಬಯಿ ಆಯಿತು, ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್, ರೈಲು ನಿಲ್ದಾಣದ ಹೆಸರು ಆಮೇಲೆ ಎರಡು ಸಲ ಬದಲಾಯಿತು. ನಮ್ಮ ಕಟ್ಟಡದ ಹಳಬರು ಈಗಲೂ ವಿ.ಟಿ.ಗೇ ಹೋಗಿಬರುತ್ತಾರೆ.

ಇಮೇಲಿನಲ್ಲಿ ಏನಾದರೂ ಆಗಲಿ, ನಕ್ಕು ಮರೆಯಬಹುದು. ಭವಿಷ್ಯ ನಿಧಿ, ಬ್ಯಾಂಕು, ಆಧಾರ್, ಪ್ಯಾನ್‌ಗಳಲ್ಲಿ ಮಾತ್ರ ಹೆಸರು ಒಂದೇ ತೆರನಾಗಿರಲಿ. ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ನೋಡಿ. ಅದು ಅಡ್ಡಹೆಸರಿನ ಮೊದಲ ಅಕ್ಷರ. ಸರ್ಕಾರ ನಿಮ್ಮ ಯಾವ ಹೆಸರನ್ನು ಅಡ್ಡಹೆಸರು ಮಾಡಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ‘ಡೆಡ್ ಸರ್’. ಕೀಲಿಮಣೆಯಲ್ಲಿ ಆರ್ ಅಕ್ಷರದ ಕೆಳಗೇ ಡಿ ಕೂತಿದೆ, ಬೆರಳು ಜಾರುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆಯುವುದಿಲ್ಲ. ನಾನೊಮ್ಮೆ ಶೌಚಾಲಯದ ದುರಸ್ತಿಯ ಬಗ್ಗೆ ಇಡೀ ಕಚೇರಿಗೆ ಬರೆದಾಗ ‘ಇನ್‌ಕನ್ವೀನಿಯನ್ಸ್’ ಹೋಗಿ ‘ಇನ್‌ಕಾಂಟಿನೆನ್ಸ್’ ಆಗಿತ್ತು. ಆಗುವ ಅನನುಕೂಲಕ್ಕೆ ಕ್ಷಮೆ ಕೇಳುವ ಬದಲು, ಮೂತ್ರ ತಡೆಯಲಾಗದ ತೊಂದರೆಗೆ ಕ್ಷಮೆ ಕೇಳಿದ್ದೆ. ಆ ಸಂದರ್ಭಕ್ಕೆ ಅದೇ ಹೆಚ್ಚು ಸರಿಹೊಂದುತ್ತದೆ ಎಂದು ಬೇಲಿ ಸಾಹೇಬರು ಎಲ್ಲರಿಗೂ ಕಾಣುವಂತೆ ಉತ್ತರಿಸಿದರು. ನಿಮ್ಮ ಕಚೇರಿಯಲ್ಲಿ ಜೀಮೇಲ್ ಇದ್ದರೆ, ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು ಐದು ಸೆಕೆಂಡಿನಿಂದ 30ಕ್ಕೆ ಏರಿಸಿಕೊಳ್ಳಿ.

ಅಂದಹಾಗೆ, ನಿಮ್ಮ ಸಾಹೇಬರು ಉತ್ತರ ಬರೆದರೇ? ಬರೆದಿದ್ದರೆ ಬದುಕಿದ್ದಾರೆ ಎಂದಾಯಿತು.