ಮುಂಬೈ ಮ್ಯಾರಥಾನ್: ರೈಲು ಟಿಕೆಟ್ಟಿನಿಂದ ಪೆಡ್ಡರ್ ರೋಡಿನ ಏರಿನವರೆಗೆ

ಪ್ರತಿ ವರ್ಷ ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. 2004ರಲ್ಲಿ ಶುರುವಾದ ಈ ಓಟಕ್ಕೆ ಕರ್ನಾಟಕದಿಂದ ಹೋಗುವವರು ಬಹಳ ಮಂದಿ. ಫುಲ್ ಎಂದರೆ 42.2 ಕಿ.ಮೀ., ಹಾಫ್ ಎಂದರೆ ಅದರ ಅರ್ಧ. ಈ ಸಲ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಇದು ನನ್ನ ಮೊದಲ ಫುಲ್ ಮ್ಯಾರಥಾನ್. ಹೆಂಡತಿ ಹಾಫ್ ಓಡುತ್ತಾಳೆ. ಯಾವಾಗ ಹೊರಡಬೇಕು, ಎಲ್ಲಿ ಉಳಿಯಬೇಕು? ಶನಿವಾರ ಬೆಳಿಗ್ಗೆ ತಲುಪಿದರೆ ಸಾಕೇ? — ಬೆಳಗಾವಿ

ಸಾಲದು. ಶುಕ್ರವಾರ ಬೆಳಿಗ್ಗೆ ಮುಂಬೈಯಲ್ಲಿರಿ. ಓಟದ ದಿನ ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ಕೊಡುವುದಿಲ್ಲ. ಅದನ್ನು ಮೊದಲೇ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಎಕ್ಸ್‌ಪೋಗೆ ಹೋಗಿ ಪಡೆಯಬೇಕು. ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಾಲಿನಲ್ಲಿ ನಿಂತು, ಮಳಿಗೆಗಳನ್ನು ಸುತ್ತಿ, ಮೂರು ತಾಸು ಕಾಲಿನ ಮೇಲೆ ಕಳೆದರೆ ಮರುದಿನದ ಓಟದಿಂದ ಅಷ್ಟು ಕಳೆದ ಹಾಗೇ. ಶುಕ್ರವಾರ ಮಧ್ಯಾಹ್ನ ಹೋಗಿ ಬಿಬ್ ತಗೊಂಡು ಒಂದು ತಾಸಿನೊಳಗೆ ಹೊರಬನ್ನಿ. ನೋಂದಣಿ ದೃಢೀಕರಣದ ಪ್ರತಿ ಮತ್ತು ಮೂಲ ಗುರುತಿನ ಚೀಟಿ ಕೈಯಲ್ಲಿರಲಿ.

ಗುರುವಾರ ಊರು ಬಿಡಬೇಕಾದ ಕಾರಣ ಟಿಕೆಟ್ಟಿಗೆ ಸಂಕ್ರಾಂತಿಯ ನೂಕುನುಗ್ಗಲು ಎದುರಾಗುತ್ತದೆ. ರೈಲ್ವೆ ಈಗ 60 ದಿನ ಮುಂಚೆ ಮಾತ್ರ ಕಾಯ್ದಿರಿಸಲು ಬಿಡುತ್ತದೆ. ಜನವರಿ 14ಕ್ಕೆ ಹೊರಡುವುದಾದರೆ ನವೆಂಬರ್ 15ರ ಬೆಳಿಗ್ಗೆ 8ಕ್ಕೆ ಮೊಬೈಲ್ ಹಿಡಿದು ಕೂತಿರಬೇಕು. ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ನಿಮ್ಮ ಊರಿನ ಮೇಲೇ ಹಾದುಹೋಗುವುದರಿಂದ ನಿಮಗೆ ಅದೇ ಅನುಕೂಲ. ಹಿಂದಿರುಗುವ ಟಿಕೆಟ್ಟನ್ನು ಭಾನುವಾರ ರಾತ್ರಿಗೆ ಮಾಡಿಸಿ. ಇಬ್ಬರಿಗೂ ಕೆಳಗಿನ ಬರ್ತನ್ನೇ ಕೇಳಿ. 42 ಕಿ.ಮೀ. ಓಡಿದ ತೊಡೆಗಳಿಗೆ ಮೇಲಿನ ಬರ್ತಿನ ಏಣಿ ಹತ್ತುವುದಕ್ಕಿಂತ ಇಳಿಯುವುದೇ ದೊಡ್ಡ ಶಿಕ್ಷೆ. ವಿಮಾನದಲ್ಲಿ ಬರುವವರಿಗೆ ಒಂದು ಎಚ್ಚರಿಕೆ: ಈಗ ನವಿ ಮುಂಬೈಯಲ್ಲೂ ವಿಮಾನ ನಿಲ್ದಾಣ ಇದೆ. ಅಲ್ಲಿಂದ ಊರೊಳಗೆ ಬರುವ ದಾರಿ ಬಹಳ ದೂರ. ಟಿಕೆಟ್ ಮಾಡುವಾಗ ಯಾವ ನಿಲ್ದಾಣ ಎಂದು ನೋಡಿಕೊಳ್ಳಿ. ಹಳೆಯ ನಿಲ್ದಾಣಕ್ಕೆ ಬಂದಿಳಿದರೆ ಭೂಗತ ಮೆಟ್ರೊ ನೇರ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿಗೂ ಅಲ್ಲಿಂದ ಮುಂದೆ ಸಿಎಸ್‌ಎಂಟಿಗೂ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ) ಹೋಗುತ್ತದೆ.

ಇನ್ನು ವಸತಿ. ಫುಲ್ ಓಟ ಶುರುವಾಗುವುದು ಸಿಎಸ್‌ಎಂಟಿ ಎದುರು. ಹಾಫ್ ಇತ್ತೀಚಿನ ವರ್ಷಗಳಲ್ಲಿ ಮಾಹಿಮ್ ಕಡೆಯಿಂದ ಹೊರಡುತ್ತದೆ. ಎರಡೂ ಮುಗಿಯುವುದು ಮಾತ್ರ ಸಿಎಸ್‌ಎಂಟಿ ಬಳಿ. ಒಬ್ಬರೇ ಫುಲ್ ಓಡುವುದಾದರೆ ಫೋರ್ಟ್ ಅಥವಾ ಚರ್ಚ್‌ಗೇಟ್ ಸುತ್ತ ಉಳಿಯಿರಿ ಎನ್ನುತ್ತಿದ್ದೆವು. ದುಬಾರಿಯಾದರೂ ನಡೆದೇ ಹೋಗಬಹುದು. ನಿಮ್ಮಿಬ್ಬರಿಗೆ ದಾದರ್ ಸರಿ. ಮಧ್ಯ ಮತ್ತು ಪಶ್ಚಿಮ ರೈಲ್ವೆಯ ಲೋಕಲ್‌ಗಳು ಎರಡೂ ಅಲ್ಲಿ ಸೇರುತ್ತವೆ. ನೀವು ಮಧ್ಯ ಮಾರ್ಗದಲ್ಲಿ ದಕ್ಷಿಣಕ್ಕೆ ಸಿಎಸ್‌ಎಂಟಿಗೆ, ಅವರು ಪಶ್ಚಿಮ ಮಾರ್ಗದಲ್ಲಿ ಉತ್ತರಕ್ಕೆ, ಎರಡನೇ ನಿಲ್ದಾಣವಾದ ಮಾಹಿಮ್‌ಗೆ. ನಸುಕಿನಲ್ಲಿ ಓಟಗಾರರಿಗೆಂದೇ ವಿಶೇಷ ಲೋಕಲ್‌ಗಳನ್ನು ಬಿಡುವ ರೂಢಿ ಇದೆ. ಅವುಗಳ ವೇಳಾಪಟ್ಟಿ ಓಟದ ವಾರ ಪ್ರಕಟವಾಗುತ್ತದೆ. ಶನಿವಾರವೇ ಅದನ್ನು ಬರೆದಿಟ್ಟುಕೊಳ್ಳಿ. ಟ್ಯಾಕ್ಸಿ ನಂಬಬೇಡಿ, ಆ ಹೊತ್ತಿಗೆ ರಸ್ತೆಗಳು ಬಂದ್ ಆಗಿರುತ್ತವೆ.

ಓಟ ಮುಗಿದ ಮೇಲೆ ಎಲ್ಲಿ ಸಿಗುವುದು ಎಂದು ಮೊದಲೇ ಗೊತ್ತುಮಾಡಿ. "ಫಿನಿಶ್ ಹತ್ತಿರ" ಎಂದರೆ ಅಲ್ಲಿ ಸಾವಿರಾರು ಜನ, ಫೋನ್ ಸಿಗ್ನಲ್ ಕೂಡ ಎಳೆದಾಡುತ್ತದೆ. ಒಂದು ಹೋಟೆಲಿನ ಬಾಗಿಲು ಅಥವಾ ನಿಲ್ದಾಣದ ಒಂದು ಗೇಟು, ಹೀಗೆ ಜಾಗ ಖಚಿತವಾಗಿರಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹಾಫ್ 2 ಗಂಟೆ 5 ನಿಮಿಷದಲ್ಲಿ ಓಡಿದ್ದೇನೆ. ಕಳೆದ ಸಲ ಮುಂಬೈಯಲ್ಲಿ 4 ಗಂಟೆ 15 ನಿಮಿಷದ ಗುರಿ ಇಟ್ಟಿದ್ದೆ. 30 ಕಿ.ಮೀ.ವರೆಗೆ ಸಲೀಸು, ಆಮೇಲೆ ಕಾಲು ಕಲ್ಲಾಯಿತು. ಪೆಡ್ಡರ್ ರೋಡಿನ ಏರಿನಲ್ಲಿ ನಡೆದುಬಿಟ್ಟೆ. ಎಲ್ಲಿ ತಪ್ಪಿದೆ? — ಬೆಂಗಳೂರು

ಗುರಿಯಲ್ಲೇ ತಪ್ಪಿದಿರಿ. ಹಾಫ್‌ನ ಸಮಯವನ್ನು ಇಮ್ಮಡಿಸಿ 10 ನಿಮಿಷ ಸೇರಿಸಿದರೆ ಚೆನ್ನಾಗಿ ತಯಾರಾದವರು ತಂಪು ಹವೆಯಲ್ಲಿ ಮುಟ್ಟಬಹುದಾದ ಫುಲ್ ಸಮಯ ಬರುತ್ತದೆ. ನಿಮ್ಮ ಲೆಕ್ಕಕ್ಕೆ ಅದು 4:20. ಮುಂಬೈಯ ಸೆಕೆಗೆ ಇನ್ನೊಂದು 15 ನಿಮಿಷ ಸೇರಿಸಿದರೆ 4:35. ನೀವು ಕಿ.ಮೀ.ಗೆ 6:03 ನಿಮಿಷದಂತೆ ಓಡಲು ಹೊರಟಿದ್ದಿರಿ, ಓಡಬೇಕಾದ್ದು 6:31. ಈ 28 ಸೆಕೆಂಡಿನ ಸಾಲವನ್ನೇ ಮೂವತ್ತರ ಮೇಲೆ ಮುಂಬೈ ವಸೂಲು ಮಾಡಿದ್ದು.

ಸೆಕೆ ಯಾಕೆ ಇಷ್ಟು ಕಾಡುತ್ತದೆ ಎಂದು ಅರ್ಥವಾದರೆ ಮಾತ್ರ ನಿಧಾನ ಓಡಲು ಮನಸ್ಸು ಒಪ್ಪುತ್ತದೆ. ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಒಣ ಗಾಳಿಯಲ್ಲಿ 20 ಕಿ.ಮೀ. ಆದಮೇಲೆ ನಿಮ್ಮ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಅಂದರೆ ಬೆವರು ಆರಿದೆ. ಮುಂಬೈಯಲ್ಲಿ ಸೀ ಲಿಂಕ್ ಸೇತುವೆ ದಾಟುವ ಹೊತ್ತಿಗೆ ಚಡ್ಡಿಯ ಅಂಚಿನಿಂದ ಹನಿ ಶೂ ಮೇಲೆ ಬೀಳುತ್ತಿರುತ್ತದೆ, ಕಾಲುಚೀಲ ಪಚಪಚ ಎನ್ನುತ್ತದೆ. ನೀರೂ ಉಪ್ಪೂ ಹೋದವು, ತಂಪು ಮಾತ್ರ ಸಿಗಲಿಲ್ಲ. ಶಾಖ ಹೊರಹಾಕಲು ಹೃದಯ ಹೆಚ್ಚು ರಕ್ತವನ್ನು ಚರ್ಮಕ್ಕೆ ಕಳಿಸಬೇಕಾಗುತ್ತದೆ, ಸ್ನಾಯುಗಳ ಪಾಲು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ನಾಡಿಬಡಿತ ಏರುತ್ತಾ ಹೋಗುತ್ತದೆ, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಬೇಗ ಕರಗುತ್ತದೆ. ಮೂವತ್ತರವರೆಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಮುಂಬೈಯಲ್ಲಿ ಓಟಗಾರರಿಗೆ ಮೋಸವಾಗುವುದು ಇಲ್ಲೇ: ಕತ್ತಲಲ್ಲಿ ಶುರುವಾಗುವ ಓಟ, ಮರೀನ್ ಡ್ರೈವಿನ ಗಾಳಿ, ಸಮತಟ್ಟು ರಸ್ತೆ. ಮೊದಲ 10 ಕಿ.ಮೀ. ತೀರಾ ಸುಲಭವೆನಿಸುತ್ತದೆ.

ವಾಪಸು ಬರುವಾಗ ಹಾಜಿ ಅಲಿ ದಾಟಿದ ಮೇಲೆ, ಸರಿಸುಮಾರು 35 ಕಿ.ಮೀ. ಆಸುಪಾಸಿನಲ್ಲಿ ಪೆಡ್ಡರ್ ರೋಡಿನ ಏರು ಸಿಗುತ್ತದೆ. ಮಾರ್ಗ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದುಂಟು, ಆ ವರ್ಷದ ನಕ್ಷೆ ನೋಡಿ ಅಂತರ ಗುರುತಿಸಿಕೊಳ್ಳಿ. ನಿಜವಾಗಿ ಆ ಏರು ದೊಡ್ಡದಲ್ಲ, ಬೆಂಗಳೂರಿನಲ್ಲಿ ಅಂಥವನ್ನು ದಿನಾ ಏರಿ ಇಳಿಯುತ್ತೀರಿ. ಅದು ಬಂದ ಹೊತ್ತು ಕೆಟ್ಟದ್ದು. ಬಿಸಿಲೇರಿರುತ್ತದೆ, ಕಾಲು ಖಾಲಿಯಾಗಿರುತ್ತದೆ. ಅಲ್ಲಿ ಗಡಿಯಾರ ನೋಡಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಕಣ್ಣು 10 ಮೀಟರ್ ಮುಂದಿಟ್ಟು, ಉಸಿರಾಟ ಕೆಳಗಿದ್ದಂತೆಯೇ ಇರಲಿ. ಕಿ.ಮೀ.ಗೆ 40 ಸೆಕೆಂಡ್ ಹೋದರೆ ಹೋಗಲಿ. ಮೇಲೆ ಮುಟ್ಟಿದ ಮೇಲೆ ಕೆಂಪ್ಸ್ ಕಾರ್ನರಿನಿಂದ ಇಳಿಜಾರು. ಅಲ್ಲಿ ರಭಸದಿಂದ ಇಳಿದು ಸಮಯ ಗಿಟ್ಟಿಸಲು ಹೋದವರ ತೊಡೆ ಹಿಡಿಯುತ್ತದೆ, ಆಮೇಲೆ ನೆರಳಿಲ್ಲದ ಮರೀನ್ ಡ್ರೈವ್ ಇಡೀ ಕುಂಟಬೇಕು.

ಈ ಸಲ ಹೀಗೆ ಮಾಡಿ. ಮೊದಲ 5 ಕಿ.ಮೀ. 6:45ರಲ್ಲಿ, ಅಲ್ಲಿಂದ 32ರವರೆಗೆ 6:30ರಲ್ಲಿ, ಮುಂದೆ ಉಳಿದಷ್ಟು. ತರಬೇತಿಯಲ್ಲಿ ಕೊನೆಯ 30–32 ಕಿ.ಮೀ. ಲಾಂಗ್ ರನ್ ಓಟಕ್ಕೆ ಮೂರು ವಾರ ಮುಂಚೆ ಮುಗಿದಿರಲಿ. ಅದರ ಕೊನೆಯ 4 ಕಿ.ಮೀ.ಯಲ್ಲಿ ಬೇಕೆಂದೇ ಒಂದು ಫ್ಲೈಓವರನ್ನು ನಾಲ್ಕು ಸಲ ಹತ್ತಿ ಇಳಿಯಿರಿ. ಶುರುವಿನಲ್ಲಿ ಏರು ಹತ್ತಿ ಅಭ್ಯಾಸ ಮಾಡಿದರೆ ಮುಂಬೈಗೆ ಉಪಯೋಗವಿಲ್ಲ. ಡಿಸೆಂಬರ್ ಕೊನೆಯ ವಾರದಿಂದ 10–14 ದಿನ, ವಾರಕ್ಕೆ ನಾಲ್ಕೈದು ಸಲ, ಬೆಳಗಿನ ಚಳಿ ಬಿಟ್ಟು ಮಧ್ಯಾಹ್ನ 12ರ ಬಿಸಿಲಲ್ಲಿ 45 ನಿಮಿಷ ನಿಧಾನ ಓಡಿ. ದೇಹ ಬೇಗ ಬೆವರಲು, ಬೆವರಲ್ಲಿ ಉಪ್ಪು ಉಳಿಸಲು ಕಲಿಯುತ್ತದೆ. ಈ ಕಲಿಕೆ ಎರಡು ಮೂರು ವಾರದಲ್ಲಿ ಕರಗುತ್ತದೆ, ಹಾಗಾಗಿ ನವೆಂಬರಿನಲ್ಲಿ ಮಾಡಿ ಪ್ರಯೋಜನವಿಲ್ಲ. ಕೊನೆಯ ಮೂರು ವಾರ ಒಟ್ಟು ದೂರವನ್ನು ಕ್ರಮವಾಗಿ ಮುಕ್ಕಾಲು, ಅರ್ಧ, ಮೂರನೇ ಒಂದಕ್ಕೆ ಇಳಿಸಿ.

ಪ್ರಶ್ನೆ: ಓಡುವಾಗ ಹೀರುವ ಸಕ್ಕರೆಯ ಜೆಲ್ ಹೊಟ್ಟೆಗೆ ಹಿಡಿಸುವುದಿಲ್ಲ, ವಾಂತಿ ಬರುತ್ತದೆ. ಸಸ್ಯಾಹಾರಿ, ತೂಕ 58 ಕೆ.ಜಿ. ಹಿಂದಿನ ದಿನ ಏನು ತಿನ್ನಲಿ, ಓಡುವಾಗ ಏನು? ನೀರು ಎಷ್ಟು? — ಉಡುಪಿ

ಓಟದ ಹಿಂದಿನ ದಿನ ಕೆ.ಜಿ.ಗೆ 8 ಗ್ರಾಂನಂತೆ ಸುಮಾರು 460 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ನಮ್ಮ ಊಟದಲ್ಲಿ ಇದು ಕಷ್ಟವಲ್ಲ. ದಿನವಿಡೀ ಸೇರಿ 250 ಗ್ರಾಂ ಅಕ್ಕಿಯ ಅನ್ನದಿಂದ 195 ಗ್ರಾಂ, 8 ಇಡ್ಲಿಯಿಂದ 85, 75 ಗ್ರಾಂ ಅವಲಕ್ಕಿಯಿಂದ 57, 3 ಬಾಳೆಹಣ್ಣಿನಿಂದ 70, ಪಾನಕ–ಕಾಫಿಯ 50 ಗ್ರಾಂ ಬೆಲ್ಲ ಸಕ್ಕರೆಯಿಂದ 50. ಮುಖ್ಯ ಊಟ ಮಧ್ಯಾಹ್ನ, ರಾತ್ರಿ 7ರೊಳಗೆ ಹಗುರವಾಗಿ ತಿಳಿಸಾರು ಅನ್ನ. ಸೊಪ್ಪು, ಕಾಳು, ಹಸಿ ಕೋಸಂಬರಿ, ಬೆಣ್ಣೆ ಸುರಿದ ಪಾವ್ ಭಾಜಿ ಆ ದಿನ ಬೇಡ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ನಿಮಗೆ ಒಗ್ಗಿದ ಇಡ್ಲಿ, ಸಾರು ಸಿಗುತ್ತದೆ. ದಾದರಿನಿಂದ ಒಂದೇ ನಿಲ್ದಾಣ.

ಓಟ 5ಕ್ಕಾದರೆ ಎರಡೂವರೆಗೆ ಎದ್ದು, ಮೂರರೊಳಗೆ ತಿಂದು ಮುಗಿಸಿ: ಎರಡು ಬಾಳೆಹಣ್ಣು, ಬ್ರೆಡ್ಡಿಗೆ ಜೇನು, ರೂಢಿಯಿದ್ದರೆ ಕಾಫಿ. ಹೋಟೆಲಿನಲ್ಲಿ ಆ ಹೊತ್ತಿಗೆ ಏನೂ ಸಿಗದು, ಶನಿವಾರ ಸಂಜೆಯೇ ತಂದಿಡಿ.

ಓಡುವಾಗ ಜೆಲ್ ಬದಲು ಸಂಕ್ರಾಂತಿಯ ಸಕ್ಕರೆ ಅಚ್ಚು ನೋಡಿ. ಬಹುಪಾಲು ಶುದ್ಧ ಸಕ್ಕರೆ, ಬಾಯಲ್ಲಿ ಕರಗುತ್ತದೆ, ಆ ವಾರ ಮನೆಮನೆಯಲ್ಲೂ ಇರುತ್ತದೆ. ಅಡಿಗೆಯ ತಕ್ಕಡಿಯಲ್ಲಿ 20 ಗ್ರಾಂನಂತೆ ತೂಗಿ ಎಂಟು ಚಿಕ್ಕ ಜಿಪ್ ಚೀಲಗಳಿಗೆ ಹಾಕಿ. ಬೆವರು ತಾಗಿದರೆ ಕರಗಿ ಅಂಟಾಗುತ್ತದೆ, ಅದಕ್ಕೇ ಚೀಲ. 45ನೇ ನಿಮಿಷಕ್ಕೆ ಮೊದಲನೆಯದು, ಆಮೇಲೆ ಅರ್ಧ ತಾಸಿಗೊಂದು, ಪ್ರತಿ ಸಲ ನಾಲ್ಕು ಗುಟುಕು ನೀರಿನ ಜೊತೆ. ನೀರಿಲ್ಲದೆ ಸಕ್ಕರೆ ನುಂಗಿದರೆ ಹೊಟ್ಟೆ ಹಿಡಿಯುತ್ತದೆ. ನಿಮಗೆ ಜೆಲ್ ಕೈಕೊಟ್ಟದ್ದೂ ಬಹುಶಃ ಇದಕ್ಕೇ. ಎಳ್ಳು–ಬೆಲ್ಲದ ಮಿಶ್ರಣ ಮಾತ್ರ ಬೇಡ, ಕೊಬ್ಬರಿ ಮತ್ತು ಕಡಲೆಬೀಜದ ಕೊಬ್ಬು ಓಡುವಾಗ ಜೀರ್ಣವಾಗದು. ಲಾಂಗ್ ರನ್‌ಗಳಲ್ಲಿ ಕನಿಷ್ಠ ಮೂರು ಸಲ ಪ್ರಯೋಗಿಸಿ ನೋಡದೆ ಮುಂಬೈಗೆ ಒಯ್ಯಬೇಡಿ.

ನೀರಿನ ಲೆಕ್ಕ ಮನೆಯಲ್ಲೇ ಹಾಕಬಹುದು. ಓಡುವ ಮೊದಲು ಬಟ್ಟೆಯಿಲ್ಲದೆ ತೂಗಿ, ಒಂದು ತಾಸು ಓಡಿ, ಬೆವರೊರೆಸಿ ಮತ್ತೆ ತೂಗಿ. ಇಳಿದ 1 ಕೆ.ಜಿ. ಅಂದರೆ 1 ಲೀಟರ್, ನಡುವೆ ಕುಡಿದದ್ದನ್ನೂ ಕೂಡಿಸಿ. ಅದರ ಮೂರನೇ ಎರಡು ಪಾಲು ತಾಸಿಗೆ ಕುಡಿದರೆ ಸಾಕು. ಕರಾವಳಿಯಲ್ಲೇ ಓಡುವ ನಿಮ್ಮ ಲೆಕ್ಕ ಮುಂಬೈಗೆ ಹೆಚ್ಚು ಕಡಿಮೆ ಹೊಂದುತ್ತದೆ, ಘಟ್ಟದ ಮೇಲಿನವರಿಗೆ ಈ ಅನುಕೂಲವಿಲ್ಲ. ಬರೀ ನೀರನ್ನೇ ಮೇಲಿಂದ ಮೇಲೆ ಕುಡಿಯುವುದು ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಓಕರಿಕೆ, ಗೊಂದಲ ಶುರುವಾಗುತ್ತದೆ, ಬೆರಳ ಉಂಗುರ ಬಿಗಿಯಾಗುತ್ತದೆ. ಒಂದು ಲೀಟರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರಿಗೆ ಗಟ್ಟಿಯಾಗಿ ಬೆರೆಸಬೇಡಿ, ಬರೆದ ಅಳತೆಯೇ ಸರಿ. ಏರಿನ ಅಭ್ಯಾಸಕ್ಕೆ ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆ ನಿಮ್ಮ ಪಾಲಿನ ಪೆಡ್ಡರ್ ರೋಡು.

ಪ್ರಶ್ನೆ: ನನ್ನ ಜಿಪಿಎಸ್ ವಾಚ್ 42.7 ಕಿ.ಮೀ. ತೋರಿಸುತ್ತದೆ. ಮಾರ್ಗದ ಅಳತೆ ತಪ್ಪೇ? — ಮೈಸೂರು

ಇಲ್ಲ. ಮಾರ್ಗವನ್ನು ಅಳೆಯುವುದು ತಿರುವುಗಳ ಅತಿ ಹತ್ತಿರದ ಗೆರೆಯಲ್ಲಿ. ಗುಂಪಿನಲ್ಲಿ ನೀವು ಅತ್ತಿತ್ತ ಸರಿದು, ನೀರಿನ ಮೇಜಿಗೆ ಹೋಗಿ ಬಂದು, ದೂರ ಹೆಚ್ಚು ಓಡುತ್ತೀರಿ. ಎತ್ತರದ ಕಟ್ಟಡಗಳ ನಡುವೆ, ಮೇಲ್ಸೇತುವೆ ಕೆಳಗೆ ಜಿಪಿಎಸ್ ಕೂಡ ಅಲೆಯುತ್ತದೆ. 4:30 ಗುರಿಯಾದರೆ ಅಸಲಿ ವೇಗ 6:24, ಆದರೆ ನಿಮ್ಮ ವಾಚಿನಲ್ಲಿ 6:19 ಕಾಣಬೇಕು. ವಾಚಿನ ಲ್ಯಾಪ್ ಗುಂಡಿಯನ್ನು (ಆ ತುಂಡಿಗೆ ಹಿಡಿದ ಸಮಯ ಗುರುತಿಸುವುದು) ಪ್ರತಿ 5 ಕಿ.ಮೀ. ಫಲಕದ ಬಳಿ ಕೈಯಿಂದಲೇ ಒತ್ತಿ.

ಪ್ರಶ್ನೆ: ಓಟಕ್ಕೆ ಐದು ದಿನ ಇರುವಾಗ ಜ್ವರ ಬಂದರೆ ಏನು ಮಾಡಬೇಕು? ನೋವಿನ ಮಾತ್ರೆ ನುಂಗಿ ಓಡುವವರಿದ್ದಾರಲ್ಲ? — ಶಿವಮೊಗ್ಗ

ಬರೀ ಮೂಗು ಸೋರುತ್ತಿದ್ದರೆ ಎರಡು ದಿನ ವಿಶ್ರಾಂತಿ ತಗೊಂಡು ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದು ಐದೇ ದಿನ ಉಳಿದಿದ್ದರೆ ಆ ವರ್ಷ ಓಡಬೇಡಿ. ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗುಲಿರಬಹುದು. ಆಗ 42 ಕಿ.ಮೀ. ಓಡಿದರೆ ಬಡಿತದ ಲಯ ತಪ್ಪಿ ಜೀವಕ್ಕೇ ಕುತ್ತು. ಬಿಬ್ಬನ್ನು ಗೆಳೆಯರಿಗೂ ಕೊಡಬೇಡಿ. ದಾರಿಯಲ್ಲಿ ಅವರು ಕುಸಿದರೆ ವೈದ್ಯರ ಕೈಗೆ ಸಿಗುವುದು ನಿಮ್ಮ ಹೆಸರು, ನಿಮ್ಮ ರಕ್ತದ ಗುಂಪು, ನಿಮ್ಮ ಮನೆಯ ನಂಬರ್.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ಓಟದ ಮುಂಚೆಯಾಗಲಿ ನಡುವೆಯಾಗಲಿ ಮುಟ್ಟಬೇಡಿ. ನೀರಿಳಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ, ಈ ಮಾತ್ರೆಗಳು ಅದನ್ನು ಇನ್ನೂ ಬಿಗಿಯುತ್ತವೆ. ಮುಗಿದ ಮೇಲೂ ನೀರು ಕುಡಿದು, ತಿಳಿಯಾದ ಮೂತ್ರ ಆಗುವವರೆಗೆ ಬೇಡ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ರೈಲು ಹತ್ತಬೇಡಿ, ಮುಂಬೈಯಲ್ಲೇ ಆಸ್ಪತ್ರೆಗೆ ಹೋಗಿ.